ಕುಣಿಗಲ್ಲಿನಿಂದ ಬಂದ ಕಥಾನಾಯಕ

ಗೆಳೆಯರೇ, ನನ್ನ ಸಚಿತ್ರ ಕಾದಂಬರಿಗೆ ಇವತ್ತು ಮರಳೂರಿನ ಹೋಟೆಲಲ್ಲಿ ಫೀಡ್‌ಬ್ಯಾಕ್ ಸಿಕ್ಕಿತು. ಸಂಜೆಯೊಳಗೆ ಒಂದು ಅಧ್ಯಾಯ, ಆರು ಚಿತ್ರ, ಪ್ರಕಾಶಕರನ್ನು ಹುಡುಕಿಕೊಡುವ ಲಿಟರರಿ ಏಜೆಂಟಿಗೆ ಹೋಗಬೇಕಿತ್ತು. ಹನ್ನೊಂದು ಏಜೆಂಟರು ಒಲ್ಲೆ ಎಂದ ಮೇಲೆ ನೋಡಬಲ್ಲೆ ಎಂದವರು ಇವರೊಬ್ಬರೇ.

ಗುಬ್ಬಿಯ ಕಥೆಗಾರ್ತಿ ಗಿರಿಜಕ್ಕ ಮೂರನೇ ಚಿತ್ರ ನೋಡಿ ಕೈಯಲ್ಲಿದ್ದ ದೋಸೆ ತಟ್ಟೆಗೆ ಬೀಳಿಸಿದರು. "ಇದು ನಮ್ಮತ್ತೆ ಕಣ್ರೀ! ತೀರ್ಕೊಂಡು ನಾಲ್ಕು ವರ್ಷ ಆಯ್ತು."

ಚಿತ್ರಗಳನ್ನು ಬರೆದ ಕುಣಿಗಲ್ಲಿನ ಚಿತ್ರಕಾರನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಅಲ್ಲೇ ಫೋಟೋ ಸ್ಟುಡಿಯೋ ಇಟ್ಟಿರುವ ಆತನ ಪರಿಚಯ ಫೋನಿನಲ್ಲೇ. ನನ್ನ ಮುಖ ಆತ ಕಂಡೇ ಇಲ್ಲ.

"ಮಾಡೆಲ್ ಎಲ್ಲಿಂದ ತರ್ಲಿ ಸಾರ್? ತೀರ್ಕೊಂಡೋರ ಫೋಟೋನ ಶಿವಗಣಾರಾಧನೆಗೆ ದೊಡ್ಡದು ಮಾಡ್ಸೋಕೆ ಜನ ತಂದ್ಕೊಡ್ತಾರಲ್ಲ, ಅವನ್ನೇ ನೋಡ್ಕೊಂಡು ಬರೆದೆ. ಅವ್ರು ತಕರಾರು ಮಾಡಲ್ಲ."

ಗಿರಿಜಕ್ಕ ಕಥಾನಾಯಕನ ಚಿತ್ರವನ್ನು ನನ್ನ ಮುಖದ ಪಕ್ಕ ಹಿಡಿದರು. ಅದೇ ಬೋಳು ಹಣೆ, ಎಡಗೆನ್ನೆಯಲ್ಲಿ ಅದೇ ಮಚ್ಚೆ.

"ಹೀರೋ ಯಾರಪ್ಪ?" ಅಂದೆ.

"ಅದೂ ಹಂಗೇ ಬಂದಿದ್ದು ಸಾರ್. ಫ್ರೇಮ್ ಹಾಕಿ ರೆಡಿ ಇದೆ. ತಗೊಂಡೋಗೋಕೆ ಯಾರೂ ಬಂದಿಲ್ಲ."

"ನಾನೇ ಬಂದು ತಗೊಂಡೋಗ್ತೀನಿ."

"ಹಂಗೆಲ್ಲಾ ಕೊಡಕಾಗಲ್ಲ ಸಾರ್. ಕೊಟ್ಟೋರೇ ಬರ್ಬೇಕು."

ಗಿರಿಜಕ್ಕನ ಅತ್ತೆಯನ್ನು ತೆಗೆದು ಐದೇ ಚಿತ್ರ ಕಳಿಸಿದೆ. ಏಜೆಂಟರ ಉತ್ತರ ಈಗಷ್ಟೇ ಬಂತು: "ನಾಯಕನ ಮುಖದಲ್ಲಿ ಎಷ್ಟು ಜೀವ ಇದೆ! ಪೂರ್ತಿ ಕಾದಂಬರಿ ಕಳಿಸಿ."

ಕಳಿಸುತ್ತೇನೆ. ಪುಸ್ತಕ ಬೇಗ ಬರಲಿ. ಫೋಟೋ ಕೊಟ್ಟವರು ಮಾತ್ರ ಆದಷ್ಟು ತಡವಾಗಿ ಬರಲಿ.