ನನ್ನದೇ ಕೂದಲಿನ ಚೌರಿ

ಆ ವರ್ಷ ಚಿಕೂನ್‌ಗುನ್ಯಾ ನಮ್ಮೂರಿನ ಒಂದು ಮನೆಯನ್ನೂ ಬಿಡಲಿಲ್ಲ. ನನಗೆ ಜ್ವರ ಬಿಟ್ಟ ಮೇಲೂ ಕೀಲುನೋವು ಬಿಡಲಿಲ್ಲ. ಕುಂಟುತ್ತಲೇ ಬಸ್ಸು ಹತ್ತಿ ಹಾರೋಹಳ್ಳಿಯ ಗಾರ್ಮೆಂಟ್ಸ್ ಕೆಲಸಕ್ಕೆ ಹೋದೆ. ಎರಡು ತಿಂಗಳಿಗೆ ಕೂದಲು ಉದುರತೊಡಗಿತು. ಬಾಚಣಿಗೆ ಇಟ್ಟರೆ ಹಿಡಿ ಹಿಡಿ ಬರುತ್ತಿತ್ತು. ಅವ್ವ ಅದನ್ನು ಉಂಡೆ ಸುತ್ತಿ ಗೋಡೆಯ ಸಂದಿಗೆ ಸಿಕ್ಕಿಸುತ್ತಿದ್ದಳು.

ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತಿತ್ತು, ಮಿಷನ್ ಮುಂದೆ ಕಣ್ಣು ಕತ್ತಲಿಡುತ್ತಿತ್ತು. ಕನಕಪುರದ ಡಾಕ್ಟರು ಕೆಳರೆಪ್ಪೆ ಎಳೆದು ನೋಡಿ, ರಕ್ತ ಪರೀಕ್ಷೆ ಮಾಡಿಸಿದರು. "ಮೈಯಲ್ಲಿ ರಕ್ತವೇ ಇಲ್ಲವಲ್ಲಮ್ಮ. ಈ ಕಬ್ಬಿಣದ ಮಾತ್ರೆ ಮೂರು ತಿಂಗಳು ಬಿಡದೆ ನುಂಗು. ಕೂದಲೂ ಬರುತ್ತೆ" ಎಂದರು.

ಒಂದು ವಾರ ನುಂಗಿದೆ. ಹೊಟ್ಟೆ ಕೆಟ್ಟಿತು, ಮಲ ಕಪ್ಪಾಯಿತು. ಅದನ್ನು ಅವ್ವನಿಗೆ ಹೇಳಿದ್ದೇ ತಪ್ಪು.

"ನೋಡ್ದಾ? ಉಸ್ಣ ಒಳಗೆಲ್ಲಾ ಸುಟ್ಟಾಕ್ತಾ ಐತೆ. ಕೂದ್ಲು ಉದುರ್ತಿರೋದೂ ಈ ಗುಳ್ಗೆಯಿಂದ್ಲೇಯ."

"ಉದುರಕ್ಕೆ ಸುರುವಾಗಿ ತಿಂಗಳಾದ್ಮೇಲಲ್ವೇನವ್ವ ಗುಳ್ಗೆ ತಕ್ಕಂಡಿದ್ದು?"

"ನೀನೇನು ಡಾಕ್ಟ್ರಾ?"

ಮಾತ್ರೆ ತಿಪ್ಪೆ ಸೇರಿತು, ನೆತ್ತಿಗೆ ಹರಳೆಣ್ಣೆ ಬಿತ್ತು. ಬಿಡದಿಯ ಕಾರ್ಖಾನೆಯಲ್ಲಿ ಪರ್ಮನೆಂಟ್ ಆಗಿದ್ದ ಹುಡುಗನ ಮನೆಯವರು ಸದ್ಯದಲ್ಲೇ ನನ್ನನ್ನು ನೋಡಲು ಬರುವವರಿದ್ದರು. ಆ ಸಂಬಂಧ ನನಗೂ ಬೇಕಿತ್ತು, ಸುಳ್ಳೇಕೆ ಹೇಳಲಿ. ಕೂದಲು ಉಳಿದರೆ ಸಾಕೆಂದು ನಾನೂ ಮತ್ತೆ ಮಾತ್ರೆ ತರಲಿಲ್ಲ.

ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ ಅನ್ನುತ್ತಾರೆ. ನಮ್ಮಲ್ಲಿ ಹಿಟ್ಟಿತ್ತು, ಜುಟ್ಟೇ ಇರಲಿಲ್ಲ. ಅವ್ವ ಗೋಡೆಯ ಸಂದಿಯ ಉಂಡೆಗಳನ್ನೆಲ್ಲ ಕಿತ್ತುಕೊಂಡು ಹೋಗಿ ಕನಕಪುರದಲ್ಲಿ ಚೌರಿ ಕಟ್ಟಿಸಿಕೊಂಡು ಬಂದಳು. ಹುಡುಗನ ಕಡೆಯವರು ಬಂದ ದಿನ ಅದನ್ನು ನನ್ನ ತಲೆಗೇ ಸೇರಿಸಿ ಹೆಣೆದು, ಮೇಲೆ ಮಲ್ಲಿಗೆ ಮುಡಿಸಿದಳು.

ಹುಡುಗನ ತಾಯಿ ಜಡೆಯನ್ನು ಕೈಯಲ್ಲಿ ತೂಗಿ ನೋಡಿದರು. "ಎಲ್ಲಾ ಹುಡ್ಗೀದೇ ಕೂದ್ಲಾ?"

"ಹೂಂ ಕಣಕ್ಕ. ಒಂದೊಂದೆಳೆನೂ ಅವಳ್ದೇಯ."

ಅವ್ವ ಸುಳ್ಳಂತೂ ಹೇಳಲಿಲ್ಲ.

ಅವರ ಕಾಲಿಗೆ ಬೀಳಲು ಬಗ್ಗಿದೆ. ಏಳುವಾಗ ಮನೆಯೇ ತಿರುಗಿತು. ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ. ಮೂರ್ಛೆಗೆ ಕಬ್ಬಿಣ ಹಿಡಿಸಬೇಕೆಂದು ಯಾರೋ ನನ್ನ ಮುಷ್ಟಿಗೆ ಬೀಗದ ಕೈ ತುರುಕಿದ್ದರು. ಹೊಟ್ಟೆಗೆ ಬೇಡವಾಗಿದ್ದ ಕಬ್ಬಿಣ ಕೊನೆಗೆ ಕೈಗೆ ಬಂದಿತ್ತು. ಅವ್ವ ಪಕ್ಕದಲ್ಲೇ ಕೂತಿದ್ದಳು. ಅವಳ ಕೈ ನನ್ನ ಹಣೆಯ ಮೇಲಿರಲಿಲ್ಲ, ಜಡೆ ಕಳಚದಂತೆ ಬುಡದಲ್ಲಿ ಒತ್ತಿ ಹಿಡಿದಿತ್ತು.

ನಾಲ್ಕು ದಿನಕ್ಕೆ ಸುದ್ದಿ ಬಂತು: ಹುಡುಗಿಗೆ ಮೂರ್ಛೆ ರೋಗ, ಬೇಡ. ಊರಿಗೆಲ್ಲ ಆ ಮಾತು ಹಬ್ಬಿತು. ಆಮೇಲೆ ಎರಡು ವರ್ಷ ನಮ್ಮ ಮನೆಗೆ ಯಾರೂ ಹೆಣ್ಣು ಕೇಳಿಕೊಂಡು ಬರಲಿಲ್ಲ.

ಸುದ್ದಿ ಬಂದ ಸಂಜೆ ಮೂಲೆಯಲ್ಲಿ ಅಳುತ್ತಿದ್ದೆ. ಅವ್ವ ಹತ್ತಿರ ಬಂದು ಕೂತು, ಚೌರಿಯ ಸಿಕ್ಕು ಬಿಡಿಸುತ್ತ ಸಮಾಧಾನ ಹೇಳಿದಳು.

"ಹೋಗ್ಲಿ ಬುಡವ್ವ. ಕೂದ್ಲಿನ ಇಸ್ಯ ಮಾತ್ರ ಯಾರ್ಗೂ ಗೊತ್ತಾಗ್ನಿಲ್ಲ."