ಕೋಳಿಬುಟ್ಟಿಯ ಮೇಲಿನ ಬಲೆ

ಬೆಟಗೇರಿಯ ನೇಕಾರರ ಓಣಿಯಲ್ಲಿ ಮರ್ದಾನಸಾಬನ ಮನೆ ಎಲ್ಲಿ ಎಂದು ಕೇಳಿದರೆ, ‘ಯಾವ ಮರ್ದಾನಸಾಬ?’ ಎಂದು ತಿರುಗಿ ಕೇಳುತ್ತಿದ್ದರು. ಸ್ಪೇನ್ ಸಾಬನ ಮನೆ ಎಂದರೆ ಮಗ್ಗದ ಮೇಲಿನ ಕಣ್ಣು ತೆಗೆಯದೆ ಗದ್ದದಿಂದಲೇ ದಾರಿ ತೋರಿಸುತ್ತಿದ್ದರು. ಕುಳ್ಳ ಆಳು. ಉಪ್ಪುಗಾಳಿಗೆ ಸುಲಿದು ಸುಲಿದು ತಾಮ್ರದ ಬಣ್ಣಕ್ಕೆ ತಿರುಗಿದ ಮೂಗು. ನೆಲವೇ ತೂಗಾಡುತ್ತಿದೆಯೇನೋ ಎಂಬಂತೆ ಕಾಲು ಅಗಲಿಸಿ ನಡೆಯುವ ನಡಿಗೆ. ಮಗ್ಗದ ಮನೆಯಲ್ಲಿ ಹುಟ್ಟಿ ಹಡಗಿನ ಖಲಾಸಿಯಾಗಿ ಹೋದವನು ನಮ್ಮ ಓಣಿಯಲ್ಲಿ ಅವನೊಬ್ಬನೇ.

ಅಪ್ಪ ತೀರಿದ ಮೇಲೆ ಅವನೂ ಕೆಲವು ವರ್ಷ ನೇಯ್ದ. ಆದರೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂಡುವುದೆಂದರೆ ಅವನಿಗೆ ಬದುಕಿದ್ದಾಗಲೇ ಗೋರಿಗೆ ಇಳಿದ ಹಾಗೆ. ಮುಂಬಯಿಗೆ ಹೋದ, ಹಡಗು ಹತ್ತಿದ. ಮನೆಯಲ್ಲಿ ಉಳಿದವರು ತಾಯಿ ಅಮೀನಬಿ ಮತ್ತು ಲಕ್ಷ್ಮೇಶ್ವರದಿಂದ ಮದುವೆಯಾಗಿ ಬಂದ ಹೆಂಡತಿ ರಹಿಮತಬಿ. ಮಕ್ಕಳಿರಲಿಲ್ಲ. ವರ್ಷಕ್ಕೊಮ್ಮೆ ಬರುತ್ತಿದ್ದ, ಹೋಗುತ್ತಿದ್ದ.

ರಹಿಮತಬಿಯ ಕೆಲಸ ಕೆಚ್ಚುವುದು. ನೇಕಾರರಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ಮಗ್ಗದ ಮೇಲೆ ಉದ್ದಕ್ಕೆ ಹೂಡಿದ ಎಳೆಗಳ ಹಾಸು ನೇಯ್ದು ಮುಗಿದಾಗ ಅದನ್ನು ಪೂರ್ತಿ ಕತ್ತರಿಸಿ ತೆಗೆಯುವುದಿಲ್ಲ. ಗೇಣುದ್ದ ಎಳೆಗಳನ್ನು ಬಾಚಣಿಗೆಯ ಹಲ್ಲಿನಂಥ ಹಣಿಗೆಯಲ್ಲೇ ಬಿಡುತ್ತಾರೆ. ಹೊಸ ಹಾಸು ಬಂದಾಗ ಅದರ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ಎಳೆಗೆ ಗಂಟು ಹಾಕಿ ಜೋಡಿಸುತ್ತಾರೆ. ಮಗ್ಗವನ್ನು ಬರಿದು ಮಾಡಬಾರದು ಎಂದು ಹಿರಿಯರ ಮಾತು. ಸಾವಿರಾರು ಎಳೆ, ಸಾವಿರಾರು ಗಂಟು. ಈ ಕೆಲಸ ಹೆಂಗಸರದ್ದು; ಗಂಡಸರು ಮುಟ್ಟುವುದಿಲ್ಲ. ರಹಿಮತಬಿ ಎದುರುಮನೆಯ ಸಾವಿತ್ರೆವ್ವನನ್ನು ಜೊತೆ ಮಾಡಿಕೊಂಡು ಓಣಿಯ ಮನೆಮನೆಯ ಹಾಸು ಕೆಚ್ಚುತ್ತಿದ್ದಳು. ಸಾವಿತ್ರೆವ್ವ ಎಳೆ ಆರಿಸಿ ಕೊಡುವಳು, ಇವಳು ಗಂಟು ಹಾಕುವಳು. ಅವಳ ಬೆರಳು ಕಾಳು ಹೆಕ್ಕುವ ಗುಬ್ಬಿಯ ಕೊಕ್ಕಿನ ಹಾಗೆ ಆಡುತ್ತಿದ್ದವು.

ಎಪ್ಪತ್ತಾರನೆಯ ಇಸವಿಯಲ್ಲಿ ಮರ್ದಾನಸಾಬನ ಹಡಗು ಸ್ಪೇನ್ ದೇಶದ ಸಾಂತುರ್ಸೆ ಎಂಬ ಬಂದರಿನ ಹತ್ತಿರ ಕೆಟ್ಟು ನಿಂತಿತು. ಇಂಜಿನ್ ರಿಪೇರಿ ಆಗಬೇಕು ಅನ್ನುವಷ್ಟರಲ್ಲಿ ಅಲ್ಲಿನ ಕೆಲಸಗಾರರ ಮುಷ್ಕರ. ಮುಷ್ಕರ ಮುಗಿಯಿತು ಅನ್ನುವಷ್ಟರಲ್ಲಿ ಹಡಗಿನ ಮಾಲಕನಿಗೂ ರಿಪೇರಿಯವರಿಗೂ ವ್ಯಾಜ್ಯ. ಕೋರ್ಟು ಹಡಗನ್ನು ಕಟ್ಟಿಹಾಕಿತು. ಬಹಳ ಮಂದಿ ಊರಿಗೆ ಮರಳಿದರು. ಕಾವಲಿಗೆ ಉಳಿದವರಲ್ಲಿ ಇವನೂ ಒಬ್ಬ. ವರ್ಷ ದಾಟಿತು. ಇವನಿಗೆ ಬರೆಯಲು ಬಾರದು, ರಹಿಮತಬಿಗೆ ಓದಲು ಬಾರದು. ಅಲ್ಲೊಬ್ಬನ ಕೈಯಿಂದ ಬರೆಸಿ, ಇಲ್ಲೊಬ್ಬನ ಬಾಯಿಂದ ಓದಿಸಿದ ಮಾತು ಇಬ್ಬರ ಎಂಜಲಾದ ಹಾಗೆ ಎಂದು ಸುಮ್ಮನಿದ್ದುಬಿಟ್ಟ. ಹಾಗೆ ಸುಮ್ಮನಿದ್ದದ್ದೇ ಅವನ ತಪ್ಪು. ಅವನು ಮರಳಿ ಬರುವ ಹೊತ್ತಿಗೆ ಅಮೀನಬಿ ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು.

ತಾಯಿಯ ಸುದ್ದಿ ಅವನಿಗೆ ಗೊತ್ತಾದದ್ದು ಗದಗ ಸ್ಟೇಷನ್ನಿನಲ್ಲಿ, ಟಾಂಗಾದವನ ಬಾಯಿಂದ. ಮನೆಗೆ ಬಂದರೆ ರಹಿಮತಬಿ ಕೈಕಾಲಿಗೆ ನೀರು ಕೊಟ್ಟಳು, ರೊಟ್ಟಿ ಬಡಿದು ಹಾಕಿದಳು. ಮಾತು ಮಾತ್ರ ಕೊಡಲಿಲ್ಲ.

ಹಡಗಿಗೆ ಹೋದವರು ರೇಡಿಯೊ ತರುತ್ತಾರೆ, ಗಡಿಯಾರ ತರುತ್ತಾರೆ. ಇವನ ಟ್ರಂಕು ತೆರೆದಾಗ ಮೇಲೆಯೇ ಇದ್ದದ್ದು ಹಳೆಯ ಮೀನುಬಲೆಯ ಒಂದು ತುಂಡು. ಕಂದು ಬಣ್ಣದ ನೂಲಿನದು. ಓಣಿಯೆಲ್ಲ ನಕ್ಕಿತು. ರಹಿಮತಬಿ ನಗಲೂ ಇಲ್ಲ, ಬೈಯಲೂ ಇಲ್ಲ. ಬಲೆಯನ್ನು ಎರಡು ಬೆರಳಲ್ಲಿ ಎತ್ತಿ, ಅಂಗಳಕ್ಕೆ ಒಯ್ದು, ಬಾಯಿ ಹರಿದಿದ್ದ ಕೋಳಿಬುಟ್ಟಿಯ ಮೇಲೆ ಹೊದಿಸಿ ಕಲ್ಲು ಇಟ್ಟಳು.

ಅಂದಿನಿಂದ ಆ ಮನೆಯ ಮಾತುಕತೆಯೆಲ್ಲ ಕೋಳಿಗಳ ಮೂಲಕ ನಡೆಯಿತು.

“ಏ ಕೋಳಿ, ರೊಟ್ಟಿ ಆರಾಕ ಹತ್ಯಾವು. ಹಸಿವಿದ್ದವರು ಕೈ ತೊಳಕೊಳ್ಳಾಕ ಹೇಳು.”

“ಕೋಳೆವ್ವಾ, ಪುಂಡಿಪಲ್ಲೆ ಭಾಳ ರುಚಿ ಆಗೈತಿ ಅಂತ ಮಾಡಿದವರಿಗೆ ಹೇಳವ್ವಾ.”

“ಕೋಳಿ, ಹೊಗಳಿಕಿ ಬ್ಯಾಡಂತ ಹೇಳು. ಇನ್ನೊಂದು ರೊಟ್ಟಿ ಬೇಕೋ ಬ್ಯಾಡೋ ಅಷ್ಟ ಹೇಳಾಕ ಹೇಳು.”

ಸಾವಿತ್ರೆವ್ವ ಬುದ್ಧಿ ಹೇಳಿ ಸೋತಳು. “ಸಾಕ ಬಿಡ ರಹಿಮತಬಿ, ಕಲ್ಲ ಕರಗೂ ಹೊತ್ತಾತು.”

“ನಾ ಯಾರಿಗೂ ಬೈದಿಲ್ಲಕ್ಕಾ.”

“ಬೈದಿದ್ರ ಚೊಲೊ ಇತ್ತು. ಬೈಗುಳ ತಿಂದ ಗಂಡಸು ಉಂಡು ಮಕ್ಕೋತಾನ. ಇಂವ ನೋಡು, ಒಣಗಾಕ ಹತ್ಯಾನ.”

ಮನೆಯಲ್ಲಿ ಹೇಳಲಾಗದ್ದನ್ನು ಮರ್ದಾನಸಾಬ ಮಾಶಾಕನ ಚಾದಂಗಡಿಯಲ್ಲಿ ಹೇಳುತ್ತಿದ್ದ. ಕೇಳುವವರಲ್ಲಿ ಮೊದಲಿಗ ಪಾಂಡುರಂಗ. ಗುಡಿಸೇವೆಯ ಮನೆತನದವನು, ಕಚೇರಿಯಲ್ಲಿ ಕಾರಕೂನ, ಕೆಣಕುವುದರಲ್ಲಿ ಪಳಗಿದವನು.

“ಲೇ ಮರ್ದಾನ, ಅಲ್ಲಿ ಸೇತುವಿ ತೂಗಾಡತೈತಂತಲ್ಲೋ?”

“ಖರೇನ. ಹೊಳಿ ಎರಡೂ ದಂಡಿಗೆ ಕಬ್ಬಿಣದ ಗೋಪುರ ಅದಾವು. ಮ್ಯಾಲೆ ಅಡ್ಡತೊಲಿ. ಅದಕ್ಕ ತಂತಿಹಗ್ಗ ಕಟ್ಟಿ ಒಂದು ತೊಟ್ಟಿಲ ಇಳಿಬಿಟ್ಟಾರ. ಮಂದಿ, ಮೋಟಾರು ಎಲ್ಲಾ ಅದರಾಗ ನಿಂತು ದಾಟತಾವು. ಹಡಗು ಬಂದ್ರ ದಾರಿ ಖುಲ್ಲಾ.”

“ತೊಟ್ಟಿಲದಾಗ ಮೋಟಾರ! ಜೋಗುಳ ಹಾಡೋರು ಯಾರಲೇ? ನಿನ್ನ ಅತ್ತಿ ಮನಿಯವರೇನು?”

ನಾನು ನಗಲಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು, ಮುಂದಿನದನ್ನೆಲ್ಲ ವಾಚನಾಲಯದ ಬೆಂಚಿನ ಮೇಲೆ ಕಲಿತವನು ನಾನು. ಮರುದಿನವೇ ಗದುಗಿನ ವಾಚನಾಲಯಕ್ಕೆ ಹೋಗಿ ನಕಾಶೆ ಬಿಚ್ಚಿ ನೋಡಿದೆ. ಊರು ಇತ್ತು. ಒಂದು ಹಳೆಯ ಪುಸ್ತಕದಲ್ಲಿ ಆ ತೊಟ್ಟಿಲ ಸೇತುವೆಯ ಚಿತ್ರವೂ ಸಿಕ್ಕಿತು. ಪಾಂಡುರಂಗನಿಗೆ ಹೇಳಿದೆ, ಅವನು ಚಾ ಕುಡಿದು ಎದ್ದುಹೋದ.

ಮರ್ದಾನಸಾಬ ಹೇಳಿದ ಊರು ನನ್ನ ಕಣ್ಣಿಗೆ ಇಂದಿಗೂ ಕಟ್ಟಿದ ಹಾಗಿದೆ. ಊರ ಹಿಂದೆ ನಮ್ಮ ಕಪ್ಪತಗುಡ್ಡದಂಥ ಕೆಂಪು ಗುಡ್ಡಗಳು. ನೂರು ವರ್ಷ ಅವುಗಳ ಹೊಟ್ಟೆ ಬಗೆದು ಕಬ್ಬಿಣದ ಅದಿರನ್ನು ಹಡಗಿಗೆ ತುಂಬಿ ಇಂಗ್ಲೆಂಡಿಗೆ ಸಾಗಿಸಿದರು. ಆಮೇಲೆ ಹೊಳೆಯ ದಂಡೆಗೇ ದೊಡ್ಡ ದೊಡ್ಡ ಕುಲುಮೆಗಳು ಬಂದವು. ಅವುಗಳ ಹೊಗೆಗೆ ಮುಗಿಲೂ ಕೆಂಪು, ಹೊಳೆಯೂ ಕೆಂಪು. ಗಾಳಿ ಯಾವ ಕಡೆಯಿಂದ ಬೀಸುತ್ತದೆ ನೋಡಿಯೇ ಹೆಂಗಸರು ಬಟ್ಟೆ ಒಣಹಾಕುತ್ತಿದ್ದರು; ಕುಲುಮೆಯ ಕಡೆಯ ಗಾಳಿಯಾದರೆ ಬಿಳಿ ಅಂಗಿ ಬೂದಿ ಬಣ್ಣವಾಗಿ ಮನೆಗೆ ಬರುತ್ತಿತ್ತು. ಮುದುಕರಿಗೆ ತಮ್ಮದೇ ಒಂದು ಭಾಷೆ. ಸರಕಾರ ಅದನ್ನು ಶಾಲೆಯಿಂದ ಹೊರಗಿಟ್ಟಿತ್ತು, ಅವರು ಒಲೆಯ ಮುಂದೆ ಅದನ್ನು ಉಳಿಸಿಕೊಂಡಿದ್ದರು. ಹಿಂದಿನ ಕಾಲದ ಹೆಂಗಸರು ಸಣ್ಣ ಮೀನಿನ ಬುಟ್ಟಿ ತಲೆಯ ಮೇಲಿಟ್ಟು, ಲಂಗ ಎತ್ತಿ ಕಟ್ಟಿ, ಕೂಗುತ್ತ ದೊಡ್ಡ ಪಟ್ಟಣದವರೆಗೆ ನಡೆಯುತ್ತಿದ್ದರಂತೆ, ನಮ್ಮ ಹಿರೇಹಂದಿಗೋಳದ ಕಡೆಯವರು ಮೊಸರಿನ ಗಡಿಗೆ ಹೊತ್ತು ಬಂದ ಹಾಗೆ. ವರ್ಷಕ್ಕೊಮ್ಮೆ ನಮ್ಮಲ್ಲಿ ಮಳೆಗಾಲವಿರುವ ಹೊತ್ತಿಗೆ ತಮ್ಮ ತಾಯಿದೇವರನ್ನು ದೋಣಿಯಲ್ಲಿ ಕೂರಿಸಿ ಸಮುದ್ರಕ್ಕೆ ಒಯ್ಯುತ್ತಾರೆ. ನೀರು ನುಂಗಿದ ಗಂಡಸರ ಹೆಸರಿನಲ್ಲಿ ಹೂವು ಬಿಡುತ್ತಾರೆ.

“ಹೂವು ಮುಣಗಂಗಿಲ್ಲ. ಭಾಳ ಹೊತ್ತು ತೇಲತಾವು. ಅದನ್ನ ನೋಡಾಕ ಆಗಂಗಿಲ್ಲ,” ಎಂದು ಹೇಳುವಾಗ ಮರ್ದಾನಸಾಬ ಚಾ ಬಸಿಯನ್ನು ಕೆಳಗಿಟ್ಟುಬಿಡುತ್ತಿದ್ದ.

ಮುಂದೆ ನಡೆದದ್ದನ್ನು ನನಗೆ ಹೇಳಿದವಳು ಸ್ವತಃ ರಹಿಮತಬಿ. ಅವನು ಮತ್ತೆ ಹಡಗಿಗೆ ಹೋಗಲಿಲ್ಲ. ಸಾವಕಾರರ ಕಡೆಯಿಂದ ಹೊಸ ಹಾಸು ತಂದು ಅಪ್ಪನ ಮಗ್ಗದ ಮುಂದೆ ಇಳಿಸಿದ. ಹಿಂದೆ ಇವನೇ ಬಿಟ್ಟುಹೋಗಿದ್ದ ಗೇಣುದ್ದ ಎಳೆಗಳು ಹಣಿಗೆಯಲ್ಲಿ ಹಾಗೆಯೇ ಇದ್ದವು. ಇಷ್ಟು ವರ್ಷ ಅವುಗಳ ಧೂಳು ಹೊಡೆದು, ಇಲಿ ಕಡಿಯದಂತೆ ಬಟ್ಟೆ ಹೊದಿಸಿ ಕಾಯ್ದವಳು ಇವಳು. ಈಗ ಕೆಚ್ಚಬೇಕು. ಆದರೆ ಎಳೆ ಆರಿಸಿ ಕೊಡುವ ಸಾವಿತ್ರೆವ್ವ ಮಗಳ ಬಾಣಂತನಕ್ಕೆಂದು ಮುಂಡರಗಿಗೆ ಹೋಗಿದ್ದಳು. ಹಾಸು ಸುಮ್ಮನೆ ಬಿದ್ದಿತ್ತು.

ಹಾಗಿರುವಾಗ ಒಂದು ಮುಂಜಾನೆ ಬೆಕ್ಕು ಬಂದು ಕೋಳಿಬುಟ್ಟಿಯ ಬಲೆ ಹರಿಯಿತು. ಬೆಕ್ಕನ್ನು ಓಡಿಸಿ, ಕೋಳಿಗಳನ್ನು ಅಂಗಳಕ್ಕೆ ಬಿಟ್ಟು, ರಹಿಮತಬಿ ಬಲೆಯನ್ನು ತೊಡೆಯ ಮೇಲೆ ಹಾಕಿಕೊಂಡು ಹೊಸ್ತಿಲಲ್ಲಿ ಕೂತಳು. ಕಡಿದ ಎಳೆಗೆ ದಪ್ಪ ನೂಲು ಸೇರಿಸಿ ಗಂಟು ಹಾಕತೊಡಗಿದಳು. ನಾಲ್ಕಾರು ಗಂಟು ಹಾಕಿದವಳು ಕೈ ನಿಲ್ಲಿಸಿದಳು. ತಾನು ಹಾಕಿದ ಗಂಟು ಯಾವುದು, ಬಲೆಯಲ್ಲಿ ಮೊದಲೇ ಇದ್ದ ಗಂಟು ಯಾವುದು, ಅವಳಿಗೇ ಗೊತ್ತಾಗಲಿಲ್ಲ. ಎರಡೂ ಒಂದೇ. ಎಳೆ ಮಡಚಿದ ರೀತಿ, ಸುತ್ತಿದ ಮಗ್ಗುಲು, ಬಿಗಿದ ಕತ್ತು, ಎಲ್ಲ ಕೆಚ್ಚುವ ಗಂಟೇ. ಬಲೆ ತಿರುವಿ ನೋಡಿದಳು. ನಡುವಿನ ಗಂಟುಗಳು ಪಳಗಿದ ಕೈಯವು. ಒಂದು ಮೂಲೆಯಲ್ಲಿ ಮಾತ್ರ ಬಾಲ ಉದ್ದ ಬಿಟ್ಟ, ಸೊಟ್ಟಪಟ್ಟ, ಹೊಸಬರ ಗಂಟುಗಳು.

ಬಲೆ ಹಿಡಿದುಕೊಂಡೇ ಒಳಗೆ ಬಂದಳು.

“ಈ ಗಂಟ ಯಾರು ಹಾಕಿದ್ದು?”

ಕೋಳಿಗಳು ಅಂಗಳದಲ್ಲಿದ್ದವು. ಮಾತು ತನಗೇ ಎಂದು ತಿಳಿಯಲು ಮರ್ದಾನಸಾಬನಿಗೆ ಒಂದು ಗಳಿಗೆ ಬೇಕಾಯಿತು.

“ನಡಬರಕಿನವು ಬೆನಿತಾಬಾಯಿವು. ಮೂಲ್ಯಾಗಿನವು ನನ್ನವು.”

“ಬೆನಿತಾಬಾಯಿ ಅಂದ್ರ?”

“ಅಲ್ಲಿ ಬಲಿ ಹೊಲಿಯೋ ಮುದುಕಿ. ಅವರು ಬೆನಿತಾ ಅಂತಿದ್ರು. ನನಗ ಹೆಸರಿನ ಮುಂದ ‘ಬಾಯಿ’ ಹಚ್ಚಲಾರದ ಕರಿಯಾಕ ಬರಲಿಲ್ಲ. ನಮ್ಮವ್ವನ ವಾರಿಗಿ, ಅಷ್ಟ ವಯಸ್ಸು. ಗಂಡನ್ನ ಸಮುದ್ರ ತಗೊಂಡೈತಿ. ಹೆಣಾನೂ ಸಿಗಲಿಲ್ಲಂತ.”

“ಹೆಂಗಸರ ಗಂಟ ನಿಮಗ ಯಾಕ ಬೇಕಾಗಿತ್ತು?”

ಅವನು ತಲೆ ತಗ್ಗಿಸಿದ. ಬಂದರಿನ ಕಟ್ಟೆಯ ಮೇಲೆ ಹೆಂಗಸರು ಬಲೆ ಹರವಿಕೊಂಡು ಕೂಡುತ್ತಿದ್ದರಂತೆ. ಹಡಗಿನ ಮೇಲಿಂದ ಮುಖ ಕಾಣುತ್ತಿರಲಿಲ್ಲ, ಕೈ ಮಾತ್ರ ಕಾಣುತ್ತಿದ್ದವು.

“ನೀ ಕುಂತು ಕೆಚ್ಚಾಕ ಹತ್ತಿದಂಗ ಕಂಡಿತು. ಇಳದು ಹೋಗಿ ಬಾಜೂಕ ಕುಂತೆ. ಆಕಿ ನಕ್ಕಳು. ಮರುದಿನಾನೂ ಹೋಗಿ ಕುಂತೆ. ಆಮ್ಯಾಲೆ ಬಲಿ ತುದಿ ನನ್ನ ತೊಡಿ ಮ್ಯಾಲೆ ಒಗದಳು.”

“ಮನ್ಯಾಗ ಇದ್ದಾಗ ಒಂದಿನಾನೂ ನನ್ನ ಕೈ ನೋಡಲಿಲ್ಲ. ಅಷ್ಟು ದೂರ ಹೋಗಿ ನೋಡಿದ್ರೇನು?”

“ಹೂಂ. ಮನ್ಯಾಗ ಇದ್ದಾಗ ನೋಡಲಿಲ್ಲ.”

ರಹಿಮತಬಿ ಬಲೆಯನ್ನು ಗೂಟಕ್ಕೆ ಹಾಕಿದಳು. ಆಮೇಲೆ ಮಗ್ಗದ ಮುಂದೆ ಕೂತು ಹೊಸ ಹಾಸಿನ ಕಟ್ಟು ಬಿಚ್ಚಿದಳು. “ಕುಂಡ್ರಿ. ಎಳಿ ಆರಿಸಿ ಕೊಡ್ರಿ.”

ಬಾಗಿಲು ತೆರೆದಿತ್ತು. ಹಾಡಹಗಲು. ಗಂಡಸು ಕೆಚ್ಚಲು ಕೂತ ಸುದ್ದಿ ಓಣಿಯಲ್ಲಿ ಹರಡಲು ಹೊತ್ತು ಹಿಡಿಯಲಿಲ್ಲ. ಚಾದಂಗಡಿಯ ಮಾಶಾಕ ಕೆಟಲಿ ಹಿಡಿದುಕೊಂಡೇ ಬಂದು ಇಣುಕಿದ.

“ಏನಲೇ ಮರ್ದಾನ, ಬಳಿಗಾರನ್ನ ಕಳಸಲೇನು?”

ಮರ್ದಾನಸಾಬ ಬಾಯಿ ತೆರೆಯುವ ಮೊದಲೇ ರಹಿಮತಬಿ ಹೇಳಿದಳು: “ಕಳಸೋ ಮಾಶಾಕಣ್ಣಾ. ಹಂಗ ನನ್ನ ಅಳತೀವೂ ತರಾಕ ಹೇಳು. ನನ್ನ ಕೈ ಬರಿದಾಗಿ ಭಾಳ ದಿವಸಾತು.”

ಮಾಶಾಕ ಎರಡು ಕಪ್ಪು ಚಾ ಬಗ್ಗಿಸಿಟ್ಟು ತೆಪ್ಪಗೆ ಹೋದ.

ಕೆಲಸ ಸಾಗಿತು. ಅವನೂ ನಡುನಡುವೆ ಒಂದೊಂದು ಗಂಟು ಹಾಕಿ ನೋಡುತ್ತಿದ್ದ. ಅವಳು ಅವನ ಕೈಮೇಲೆ ಬಡಿದಳು. “ಇಷ್ಟುದ್ದ ಬಾಲ ಬಿಟ್ರ ಹಣಗ್ಯಾಗ ಹೊಕ್ಕೈತೇನು? ಇದೇನು ಮೀನ ಹಿಡಿಯೂ ಬಲಿ ಅಂತ ಮಾಡೀರೇನು?” ಅವನು ಬಾಲ ಕತ್ತರಿಸಿದ. ಬೈಗುಳಕ್ಕೆ ಅವನ ಮುಖ ಅರಳಿತ್ತು.

ಹಾಸಿನ ಅರ್ಧ ಮುಗಿದಾಗ, ಕಣ್ಣು ಎಳೆಗಳ ಮೇಲೆ ಇಟ್ಟುಕೊಂಡೇ ಅವಳು ಅತ್ತೆಯ ಮಾತು ತೆಗೆದಳು. ಹಾಸಿಗೆ ಹಿಡಿದ ಮೇಲೆ ಅಮೀನಬಿಗೆ ಬೇರೆ ಯಾವ ಮಾತೂ ಉಳಿದಿರಲಿಲ್ಲ. ಗಂಜಿ ಬಾಯಿಗಿಟ್ಟಾಗಲೆಲ್ಲ ಅವಳು ಕೇಳುತ್ತಿದ್ದದ್ದು ಒಂದೇ: ನನ್ನ ಮರ್ದಾನ ಉಂಡನೇನು?

“ನಾ ಏನ ಹೇಳಬೇಕು? ಎಲ್ಲಿದ್ದೀರಿ ಅನ್ನೂದ ನನಗ ಗೊತ್ತಿರಲಿಲ್ಲ. ‘ಉಂಡಾನ, ಅತ್ತಿ’ ಅಂತ ಹೇಳತಿದ್ದೆ. ಅಂದ್ರನ ಗಂಜಿ ಗುಟುಕರಸತಿದ್ದಳು. ಕಡೀ ದಿವಸಾನೂ ಕೇಳಿದಳು. ಕಡೀ ದಿವಸಾನೂ ಉಂಡಾನ ಅಂದೆ. ಸಾಯೋ ಜೀವಕ್ಕ ಸುಳ್ಳ ಹೇಳಿ ಕಳಿಸಿದೆ ಅಂತ ನನಗ ಇವತ್ತಿಗೂ ಅನ್ನ ಇಳಿಯಂಗಿಲ್ಲ.”

ಅವಳು ಮೊದಲ ಸಲ ತಲೆಯೆತ್ತಿ ಅವನನ್ನು ನೇರ ನೋಡಿದಳು.

“ಖರೆ ಹೇಳ್ರಿ. ಅಲ್ಲಿ ಉಂಡಿದ್ರೇನು?”

“ಉಂಡಿದ್ದೆ,” ಎಂದ ಅವನು. “ಬೆನಿತಾಬಾಯಿ ದಿನಾ ಮಧ್ಯಾಹ್ನ ತನ್ನ ಬುಟ್ಟಿ ಬಿಚ್ಚತಿದ್ದಳು. ಒಂದು ದಪ್ಪ ರೊಟ್ಟಿ, ಕೆಂಡದಾಗ ಸುಟ್ಟ ಸಣ್ಣ ಮೀನ. ರೊಟ್ಟಿ ಮುರದು ದೊಡ್ಡ ತುಂಡ ನನಗ ಕೊಟ್ಟು, ನಾ ಬಾಯಾಗ ಇಟ್ಟಕೊಳ್ಳೂತನಕ ತಾ ಮುಟ್ಟತಿರಲಿಲ್ಲ. ಒಂದಿನಾನೂ ಉಪವಾಸ ಬಿಡಲಿಲ್ಲ.”

ರಹಿಮತಬಿ ಮುಂದಿನ ಎಳೆಗಾಗಿ ಕೈ ಚಾಚಿದಳು.

“ಹಂಗಾದ್ರ ನಾ ಅತ್ತೀಗೆ ಸುಳ್ಳ ಹೇಳಿಲ್ಲ,” ಎಂದಳು. “ಕೊಡ್ರಿ.”