ಮಾಳಿಂಗ ಬಾಯಿ ತೆರೆಯದ ಎರಡು ದಿನ

ಅಂಗನವಾಡಿಯ ಒಲೆಯ ಮೇಲೆ ಬೇಳೆ ಕುದಿಯುತ್ತಿರುವಾಗ ಪಕೀರಮ್ಮನ ಫೋನು ಹೊಡೆದುಕೊಂಡಿತು. ಲಿಂಗಸುಗೂರಿನ ಆಸ್ಪತ್ರೆಯಿಂದ ಅವಳ ಊರಿನವಳೇ ಆದ ಮಮತಾ. ಮೊದಲು ಅಳು ಕೇಳಿಸಿತು, ಮಾತು ಆಮೇಲೆ ಬಂತು.

“ಯವ್ವಾ, ಹುಡುಗ ಬಾಯಿ ತಗಿವಲ್ಲ. ಮಂಗಳವಾರ ಆಪರೇಶನ್ ಆದಾಗಿಂದ ಒಂದು ಮಾತು ಆಡಿಲ್ಲ, ಹನಿ ನೀರು ಕುಡದಿಲ್ಲ. ಸಲಾಯಿನ್ ಮ್ಯಾಲ ಅದಾನ. ಇದ್ದ ಮಾತೂ ಹೋತೇನ ಯವ್ವಾ?”

“ಡಾಕ್ಟರ್ ಏನಂತಾರ?”

“ಹೊಲಿಗಿ ಚಲೋ ಅದಾವ ಅಂತಾರ. ಮತ್ಯಾಕ ಮಾತಾಡವಲ್ಲ ಅಂದ್ರ, ನೋಡೋಣು ಅಂತಾರ.” ಮಮತಾ ದನಿ ತಗ್ಗಿಸಿದಳು. “ಇನ್ನೊಂದು ಐತಿ. ಅವರಿಗೆ ಗೊತ್ತಾಗೈತಿ. ದಢೇಸುಗೂರು ಬಿಟ್ಟಾರಂತ.”

ಪಕೀರಮ್ಮನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. “ಅವರು” ಅಂದರೆ ಮಮತಾಳ ಗಂಡ ಬಾಲಪ್ಪ. ಅವನಿಗೆ ತಿಳಿಸದೆ ಅವನ ಮಗನನ್ನು ಆಸ್ಪತ್ರೆಗೆ ಸೇರಿಸಿದವಳು ಪಕೀರಮ್ಮ. ಒಪ್ಪಿಗೆ ಕಾಗದದಲ್ಲಿ ತಾಯಿಯ ರುಜುವಿನ ಕೆಳಗೆ ಸಾಕ್ಷಿ ಅಂತ ತನ್ನ ಹೆಸರು ಬರೆದವಳೂ ಅವಳೇ.

ಟೀಚರ್ ಜಯಶ್ರೀ ಅವಳ ಮುಖ ನೋಡಿ ಸೌಟು ತೆಗೆದುಕೊಂಡಳು. “ಹೋಗು ನೀ, ಬ್ಯಾಳಿ ನಾ ಇಳಿಸ್ತೀನಿ,” ಅಂದಳು.

ಪಾಮನಕಲ್ಲೂರಿನ ಆ ಅಂಗನವಾಡಿಯಲ್ಲಿ ಪಕೀರಮ್ಮ ಅಡುಗೆ ಮಾಡಿ, ಕಸ ಹೊಡೆದು, ಮಕ್ಕಳ ಮೂಗು ಒರೆಸಿ ಇಪ್ಪತ್ತೊಂದು ವರ್ಷವಾಗಿತ್ತು. ಅದಕ್ಕೂ ಹತ್ತು ವರ್ಷ ಮೊದಲು ಅವಳ ಚೊಚ್ಚಲ ಕೂಸು ಅಂಗುಳಲ್ಲಿ ತೂತು ಇಟ್ಟುಕೊಂಡು ಹುಟ್ಟಿತ್ತು. ಹೆಣ್ಣು. ತುಟಿ ನೆಟ್ಟಗಿತ್ತು, ಮುಖ ನೋಡಿದವರಿಗೆ ಏನೂ ತಿಳಿಯುತ್ತಿರಲಿಲ್ಲ. ಮೊಲೆಗೆ ಹಚ್ಚಿದರೆ ಹಾಲು ಮೂಗಿನಿಂದ ಹೊರಗೆ ಬರುತ್ತಿತ್ತು, ಕೂಸು ಕೆಮ್ಮಿ ನೀಲಿಯಾಗುತ್ತಿತ್ತು. ಹೆಸರಿಡುವ ಮೊದಲೇ, ಹನ್ನೊಂದನೇ ದಿನ, ಹಸಿದುಕೊಂಡೇ ಹೋಯಿತು. ಆಮೇಲೆ ಇಬ್ಬರು ಗಂಡುಮಕ್ಕಳು ಹುಟ್ಟಿ ಗಟ್ಟಿಯಾಗಿ ಬೆಳೆದರು. ಅಂಗನವಾಡಿ ಕೆಲಸ ಸಿಕ್ಕ ವರ್ಷ ಮಸ್ಕಿಯಲ್ಲಿ ತರಬೇತಿ ಇತ್ತು. ಅಲ್ಲೊಬ್ಬ ನರ್ಸಮ್ಮ ಚಿತ್ರ ತೋರಿಸಿ, ಇಂಥ ಕೂಸನ್ನು ನೆಟ್ಟಗೆ ಕೂರಿಸಿ ಚಮಚದಲ್ಲಿ ತೊಟ್ಟು ತೊಟ್ಟಾಗಿ ಹಾಲು ಹಾಕಿದರೆ ಉಳಿಯುತ್ತದೆ ಎಂದಳು. ಅಷ್ಟೇನಾ? ಅಷ್ಟೇ. ಅವತ್ತು ಎಲ್ಲರೂ ಊಟಕ್ಕೆ ಎದ್ದಾಗ ಪಕೀರಮ್ಮ ಕೂತಲ್ಲಿಂದ ಏಳಲಿಲ್ಲ.

ಆರು ವರ್ಷದ ಹಿಂದೆ ಕುರಿ ಕಾಯುವ ಬಾಲಪ್ಪನ ಮನೆಯಲ್ಲಿ ಮಾಳಿಂಗರಾಯ ಹುಟ್ಟಿದಾಗ, ಹಾಲು ಮೂಗಿಗೆ ಬರುತ್ತದೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ಅವಳು ಚಮಚ ಹಿಡಿದು ಓಡಿದಳು. ಮೂರು ತಿಂಗಳು ಹಗಲೆಲ್ಲ ಆ ಕೂಸು ಅವಳ ತೊಡೆಯ ಮೇಲೇ ಕೂತು ಹಾಲು ಕುಡಿಯಿತು. ಉಳಿಯಿತು, ಬೆಳೆಯಿತು, ಓಡಾಡಿತು. ಮಾತು ಮಾತ್ರ ಎಲ್ಲ ಮೂಗಿನಿಂದಲೇ. ಅಜ್ಜಿ ಅನ್ನುವುದು “ಅಂಯಿ” ಆಗುತ್ತಿತ್ತು. ಶಾಲೆಗೆ ಹಾಕಿದ ಮೊದಲ ವಾರವೇ ಹುಡುಗರು ಅವನ ಮಾತನ್ನು ಅಣಕಿಸಿದರು. ಅವನು ಮಾತು ಕಡಿಮೆ ಮಾಡಿದ.

ಈ ಮಾರ್ಗಶಿರದಲ್ಲಿ ಮಸ್ಕಿಯ ಶಿಬಿರಕ್ಕೆ ಲಿಂಗಸುಗೂರಿನ ಮಿಷನ್ ಆಸ್ಪತ್ರೆಯವರು ಬಂದಿದ್ದರು. ಊರ ಮಂದಿ ಅದನ್ನು ಸಿಸ್ಟರ್ ದವಾಖಾನಿ ಅನ್ನುತ್ತಾರೆ. ಅಂಗುಳಿನ ತೂತು ಹೊಲಿಯುವ ದೊಡ್ಡ ಡಾಕ್ಟರು ಹೊರಗಿನಿಂದ ಬರುವುದು ವರ್ಷಕ್ಕೊಮ್ಮೆ, ಒಂದೇ ವಾರ. ಬಾಲಪ್ಪ ಆಗ ಕುರಿ ಹಿಂಡು ಹೊಡೆದುಕೊಂಡು ದಢೇಸುಗೂರಿನ ಕಡೆ, ಕಾಲುವೆ ಕೆಳಗಿನ ಕುಯ್ದ ನೆಲ್ಲಿನ ಗದ್ದೆಗಳಲ್ಲಿದ್ದ. ಹೋಗುವಾಗಲೇ ಹೇಳಿದ್ದ: “ನಾ ಬರೋತನಕ ಹುಡುಗನ ಬಾಯಿಗೆ ಯಾರೂ ಕತ್ತರಿ ಹಚ್ಚಬ್ಯಾಡ್ರಿ.” ಅವನು ಬರುವುದು ಯುಗಾದಿಗೆ. ಅಷ್ಟು ಹೊತ್ತಿಗೆ ಡಾಕ್ಟರು ಇರುವುದಿಲ್ಲ. ಮಮತಾ ಎರಡು ದಿನ ಕುದಿದಳು. ಮೂರನೇ ದಿನ ಪಕೀರಮ್ಮ, “ನಡಿ, ಅಂವಗ ನಾ ಹೇಳ್ತೀನಿ,” ಅಂದುಬಿಟ್ಟಳು. ಸೋಮವಾರ ಸೇರಿಸಿದರು. ಬುಧವಾರ ಕಳೆಯಿತು. ಹೇಳುವುದು ಹಾಗೇ ಉಳಿದಿತ್ತು.

ಮಸ್ಕಿಯ ಬಸ್‌ ನಿಲ್ದಾಣದಲ್ಲಿ ಲಿಂಗಸುಗೂರು ಗಾಡಿ ಆಗತಾನೇ ಹೋಗಿತ್ತು. ಮುಂದಿನದಕ್ಕೆ ಮುಕ್ಕಾಲು ತಾಸು ಕಾಯಬೇಕಾಯಿತು. ಬಾಲಪ್ಪನೂ ಸಿಂಧನೂರಿನ ಮೇಲೆ ಇದೇ ನಿಲ್ದಾಣಕ್ಕೆ ಬರಬೇಕು. ಕಂಬಳಿ ಹೊದ್ದ ಗಂಡಸು ಕಂಡಾಗಲೆಲ್ಲ ಅವಳು ಎದ್ದು ನಿಂತು ಮುಖ ನೋಡುತ್ತಿದ್ದಳು. ಸಿಕ್ಕರೆ ಏನು ಹೇಳುವುದು? ಸಿಗದಿದ್ದರೆ, ತನಗಿಂತ ಮೊದಲೇ ಹೋಗಿ ಮಗನನ್ನು ಆ ಸ್ಥಿತಿಯಲ್ಲಿ ನೋಡಿದರೆ? ಬಸ್ಸು ಹತ್ತಿ ಆಧಾರ್ ತೋರಿಸಿ ಚೀಟಿ ತೆಗೆದುಕೊಂಡಳು. ಕಂಡಕ್ಟರ್ ಎಲ್ಲಿಗೆ ಅಂತ ಎರಡು ಸಲ ಕೇಳಬೇಕಾಯಿತು. ಹೊರಗೆ ತೊಗರಿ ಹೊಲಗಳು ಹಿಂದೆ ಹೋಗುತ್ತಿದ್ದವು. ಅವಳಿಗೆ ಕಾಣುತ್ತಿದ್ದದ್ದು ಒಂದೇ. ಮೂಗಿನಿಂದಲಾದರೂ ಅಂಯಿ ಅಂತಿದ್ದ ಕೂಸು, ಈಗ ಅದೂ ಇಲ್ಲ. ಇದ್ದದ್ದನ್ನೂ ಕಳೆದುಬಿಟ್ಟೆನೇ?

ಆಸ್ಪತ್ರೆ ಊರಿನ ಅಂಚಿನಲ್ಲಿತ್ತು. ಮಕ್ಕಳ ವಾರ್ಡಿನಲ್ಲಿ ಎಂಟು ಮಂಚ. ಕಿಟಕಿಯ ಪಕ್ಕದ್ದರಲ್ಲಿ ಮಾಳಿಂಗ ದಿಂಬಿಗೆ ಒರಗಿ ಕೂತಿದ್ದ. ಬಾಯಿಗೆ ಕೈ ಹಾಕದಿರಲೆಂದು ಎರಡೂ ಮೊಳಕೈಗೆ ರಟ್ಟು ಕಟ್ಟಿದ್ದರು. ಕೈಗಳು ಕೋಲಿನ ಹಾಗೆ ಮುಂದೆ ಚಾಚಿಕೊಂಡಿದ್ದವು. ಕೆಳತುಟಿ ಒಡೆದು ಒಣಗಿತ್ತು. ಪಕೀರಮ್ಮನನ್ನು ಕಂಡು ಅವನ ಕಣ್ಣು ತುಂಬಿಕೊಂಡವು. ಬಾಯಿ ಮಾತ್ರ ಬಿಗಿಯಾಗಿ ಮುಚ್ಚಿಯೇ ಇತ್ತು.

“ಮಾಳಿಂಗ, ನನ್ನಪ್ಪಾ, ಯಾರು ಬಂದಾರ ನೋಡು. ಅಜ್ಜಿ ಅನ್ನು.”

ಅವನು ತಲೆ ಅಲ್ಲಾಡಿಸಿದ.

“ಬ್ಯಾನಿ ಆಗತೈತೇನು?”

ಅದಕ್ಕೂ ತಲೆ ಅಲ್ಲಾಡಿಸಿದ. ಮಮತಾ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಎರಡು ದಿನದಿಂದ ಅವಳೂ ಏನೂ ತಿಂದಂತಿರಲಿಲ್ಲ.

ವಾರ್ಡಿನ ಹಿರಿಯ ಸಿಸ್ಟರ್ ಬಂದರು. ಮಂಗಳೂರಿನ ಕಡೆಯವರು, ಪುಸ್ತಕದ ಕನ್ನಡ ಆಡುವವರು. “ಗಂಟಲಿಗೆ ಏನೂ ಆಗಿಲ್ಲಮ್ಮ. ನಿದ್ರೆಯಲ್ಲಿ ನರಳುತ್ತಾನೆ, ಸ್ವರ ಇದೆ. ಎಚ್ಚರವಾದ ಕೂಡಲೇ ಬಾಯಿ ಮುಚ್ಚುತ್ತಾನೆ. ಸಂಜೆಯೊಳಗೆ ಕುಡಿಯದಿದ್ದರೆ ಮೂಗಿನಿಂದ ನಳಿಕೆ ಹಾಕಬೇಕಾಗುತ್ತದೆ. ಹೊಲಿಗೆ ಹಸಿಯಾಗಿದೆ, ಹಾಗಾಗಿ ಡಾಕ್ಟರಿಗೆ ಅದು ಇಷ್ಟವಿಲ್ಲ.”

ಪಕೀರಮ್ಮ ಬಟ್ಟಲು ಎತ್ತಿಕೊಂಡು ಆರಿಸಿದ ಗಂಜಿಯನ್ನು ಚಮಚದಲ್ಲಿ ಅವನ ತುಟಿಗೆ ಮುಟ್ಟಿಸಿದಳು. ಅವನು ಮುಖ ತಿರುಗಿಸಿದ. ಇನ್ನೊಮ್ಮೆ ಮುಟ್ಟಿಸಿದಳು. ಗಂಜಿ ಗಲ್ಲದ ಮೇಲೆ ಇಳಿದು ಅಂಗಿಗೆ ಬಿತ್ತು. ಪುಸಲಾಯಿಸಿದಳು, ಗದರಿದಳು, ಕುರಿಮರಿ ತಂದುಕೊಡುತ್ತೇನೆ ಎಂದಳು. ಅವನು ಅವಳನ್ನೇ ನೋಡುತ್ತಿದ್ದ, ಏನೋ ಕೇಳುವವನ ಹಾಗೆ.

ಪಕ್ಕದ ಮಂಚದಲ್ಲಿ ಸಿಂಧನೂರಿನ ಮೆಹನಾಜ್ ಇದ್ದಳು. ಏಳು ವರ್ಷದ ಹುಡುಗಿ. ಕುದಿಯುವ ಸಾರು ಬಿದ್ದು ಅಂಗೈಗೆ ಅಂಟಿಕೊಂಡಿದ್ದ ಬೆರಳುಗಳನ್ನು ಬಿಡಿಸಿ ಕಟ್ಟು ಹಾಕಿದ್ದರು. ಅವಳು ತನ್ನ ನಾನಿ ಮೆಹಬೂಬ್‌ಬೀಯ ತೊಡೆಯ ಮೇಲಿಂದ ಇದನ್ನೆಲ್ಲ ನೋಡುತ್ತಿದ್ದು ಕೊನೆಗೆ ತಡೆಯಲಾರದೆ ಅಂದಳು:

“ಅಜ್ಜಿ, ನೀನ ಬ್ಯಾಡ ಅಂದೀಯಲ್ಲ, ಮತ್ತ ಅಂವ ಹ್ಯಾಂಗ ತೆಗೀತಾನ?”

“ಏನ್ ಬ್ಯಾಡ ಅಂದೆ?”

“ಸೋಮವಾರ ಹೋಗುಮುಂದ ಹೇಳಿದಿ ನೋಡು. ಆಪರೇಶನ್ ಆದಮ್ಯಾಲ ಬಾಯಿ ತೆಗೀಬ್ಯಾಡ ಮಾಳಿಂಗ, ತೆಗದ್ರ ಹೊಲಿಗಿ ಬಿಚ್ಚಿ ರಗತ ಬರ್ತೈತಿ, ನಾ ಬಂದು ಹೇಳೋತನಕ ಗಪ್ಪ್ ಇರು ಅಂತ. ನಾ ಕೇಳೀನಿ.”

“ಚುಪ್ ಬೇಟಾ,” ಎಂದು ಮೆಹಬೂಬ್‌ಬೀ ಮೊಮ್ಮಗಳ ಬಾಯಿಗೆ ಕೈ ಅಡ್ಡ ಇಟ್ಟಳು. ಆದರೆ ಮಾತು ಹೊರಗೆ ಬಿದ್ದಾಗಿತ್ತು.

ಪಕೀರಮ್ಮನಿಗೆ ನೆನಪಾಯಿತು. ಕೊನೆಯ ಬಸ್ಸು ತಪ್ಪುತ್ತದೆಂಬ ಗಡಿಬಿಡಿ, ಹುಡುಗ ಊರಲ್ಲಿ ಯಾವಾಗಲೂ ಬಾಯಿಗೆ ಕಡ್ಡಿ ಕಲ್ಲು ಹಾಕಿಕೊಳ್ಳುವವನು, ಅದರ ಅಂಜಿಕೆಯಲ್ಲಿ, ಮಮತಾ ಚೀಟಿ ಮಾಡಿಸಲು ಹೋಗಿದ್ದಾಗ ಆಡಿದ ಮಾತು. ಬಾಗಿಲು ದಾಟುವಷ್ಟರಲ್ಲಿ ಮರೆತೂಬಿಟ್ಟಿದ್ದಳು. ಅವನು ಮರೆತಿರಲಿಲ್ಲ. ಗಂಟಲು ಒಣಗಿದರೂ, ನೋವಾದರೂ, ಹೆತ್ತವ್ವ ಅತ್ತು ಕರೆದರೂ ಎರಡು ದಿನ ಅಜ್ಜಿಯ ಮಾತು ಕಾದಿದ್ದ. ಪಕೀರಮ್ಮ ಮಂಚದ ಅಂಚಿನಲ್ಲಿ ಕೂತು, “ಮಮತಾ, ಇದು ನನ್ನ ತಪ್ಪವ್ವಾ,” ಅಂದಳು. ಹನ್ನೊಂದು ದಿನ ಹಸಿದಿದ್ದ ತನ್ನ ಕೂಸು ಎದುರಿಗೇ ಬಂದು ನಿಂತಂತಾಯಿತು, ಹಿಡಿದಿದ್ದ ಬಟ್ಟಲು ವಾಲಿ ಗಂಜಿ ತುಳುಕಿತು.

ಮಮತಾ ಬೈಯಲಿಲ್ಲ. ಬಟ್ಟಲು ಹಿಡಿದು ನೆಟ್ಟಗೆ ಮಾಡಿ, “ಈಗ ಹೇಳು, ನೀ ಹೇಳಿದ್ರ ಕೇಳ್ತಾನ,” ಎಂದಳು.

ಪಕೀರಮ್ಮ ಹುಡುಗನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. “ನಾ ತಪ್ಪು ಹೇಳೀನಿ ಮಾಳಿಂಗ. ಹೊಲಿಗಿ ಬಿಚ್ಚಂಗಿಲ್ಲ. ಗಂಜಿ ಕುಡದ್ರ ಏನೂ ಆಗಂಗಿಲ್ಲ. ನಾ ಬಂದೀನಿ, ಹೇಳಾಕತ್ತೀನಿ. ಬಾಯಿ ತೆಗಿ.”

ಅವನು ಸಿಸ್ಟರ್ ಕಡೆ ನೋಡಿದ. ಅವರೂ ಹೌದೆಂದು ತಲೆ ಆಡಿಸಿದರು. ತುಟಿಗಳು ಒಂದು ಎಳೆಯಷ್ಟು ಬಿಚ್ಚಿಕೊಂಡವು. ಒಣಗಿ ಅಂಟಿದ್ದಕ್ಕೆ ಸಣ್ಣಗೆ ರಕ್ತವೂ ಜಿನುಗಿತು. ಅವನು ಬೆದರಿ ಮತ್ತೆ ಮುಚ್ಚಿದ. ಅದು ತುಟಿಯ ರಕ್ತ ಎಂದು ಸಿಸ್ಟರ್ ಒರೆಸಿ, ಬೆಣ್ಣೆಯಂಥದ್ದೇನೋ ಹಚ್ಚಿದರು. ಮತ್ತೆ ತೆರೆದ. ಅರ್ಧ ಚಮಚ. ನುಂಗಿದ.

ಮಮತಾ ಆರು ವರ್ಷದ ಅಭ್ಯಾಸದಂತೆ ಸೆರಗು ಹಿಡಿದು ಅವನ ಮೂಗಿನ ಕಡೆ ಕೈ ಚಾಚಿದ್ದಳು. ಒರೆಸಲು ಏನೂ ಇರಲಿಲ್ಲ. ಇನ್ನೊಂದು ಚಮಚ. ಮೂಗು ಒಣಗಿಯೇ ಇತ್ತು. ಮಾಳಿಂಗ ಬಗ್ಗಿ ತನ್ನ ಅಂಗಿಯ ಮೇಲೆ ಹುಡುಕಿದ, ಗಂಜಿ ಎಲ್ಲಿ ಹೋಯಿತು ಎಂಬಂತೆ. ಆಮೇಲೆ ತಾನೇ ಬಾಯಿ ಮುಂದೆ ತಂದ. ಬಟ್ಟಲು ಮುಗಿಯಿತು. ಮಮತಾ ಸೆರಗನ್ನು ಹಾಗೇ ಹಿಡಿದುಕೊಂಡಿದ್ದಳು.

ಬಾಲಪ್ಪ ಬಂದದ್ದು ಮೂರು ಗಂಟೆಯ ಹೊತ್ತಿಗೆ. ವಾರ್ಡಿನ ಬಾಗಿಲಲ್ಲಿ ಕಂಬಳಿ ಹೆಗಲ ಮೇಲೆ, ಕಾಲಲ್ಲಿ ಗದ್ದೆಯ ಒಣ ಕೆಸರು. ಒಳಗೆ ಬರಲಿಲ್ಲ. ಪಕೀರಮ್ಮ ತಾನೇ ಎದ್ದು ಹೋದಳು.

“ಏನ್ ಮಾಡಿಟ್ಟಿ ದೊಡ್ಡವ್ವಾ? ಕುರಿ ಮತ್ತೊಬ್ಬರ ಕೈಯಾಗ ಬಿಟ್ಟು ಬಂದೀನಿ. ಸಿಂಧನೂರಾಗ ನಮ್ಮೂರ ಚಾಂದ್‌ಪಾಷಾ ಸಿಕ್ಕು, ನಿನ್ನ ಮಗ ಮೂಕ ಆಗ್ಯಾನಂತ ಅಂದ.”

“ಮೂಕ ಆಗಿಲ್ಲಪ್ಪ. ಬೈಯೋದಿದ್ರ ನನ್ನ ಬೈ. ಅಕಿಗೆ ಒಂದು ಮಾತೂ ಅನ್ನಬ್ಯಾಡ. ಕರಕೊಂಡು ಬಂದಾಕಿ ನಾನು, ಹುಡುಗ ಎರಡು ದಿನ ಉಪವಾಸ ಇದ್ದಿದ್ದೂ ನನ್ನಿಂದನ.” ಆದದ್ದನ್ನೆಲ್ಲ ಒಂದೂ ಮುಚ್ಚಿಡದೆ ಹೇಳಿದಳು.

ಬಾಲಪ್ಪ ಮಗನನ್ನು ದೂರದಿಂದಲೇ ನೋಡುತ್ತಿದ್ದ. ಇದ್ದಕ್ಕಿದ್ದಂತೆ ಅವನ ದನಿ ಏರಿತು. “ಅವನ ಕೊಳ್ಳಾಗಿನ ದಾರ ಎಲ್ಲಿ? ನಮ್ಮ ದೇವರ ದಾರ ಕಿತ್ತು ತಮ್ಮದು ಹಾಕ್ತಾರಂತ ಮಂದಿ ಅಂದಿದ್ದು ಖರೇನ?”

ಸಿಸ್ಟರ್ ಮೇಜಿನ ಖಾನೆ ತೆಗೆದು ಒಂದು ಲಕೋಟೆ ತಂದರು. ಮೇಲೆ ಮಾಳಿಂಗರಾಯ, ಪಾಮನಕಲ್ಲೂರು ಎಂದು ಬರೆದಿತ್ತು. “ಶಸ್ತ್ರಚಿಕಿತ್ಸೆಯ ಕೋಣೆಯೊಳಗೆ ಯಾರ ಮೈಮೇಲೂ ಏನೂ ಬಿಡುವುದಿಲ್ಲ. ನೀವೇ ಕಟ್ಟಿ,” ಎಂದರು.

ಲಕೋಟೆಯೊಳಗೆ ಕರಿ ದಾರ ಸುರುಳಿಯಾಗಿತ್ತು. ಬಾಲಪ್ಪ ಅದನ್ನು ಬೆರಳಲ್ಲಿ ಬಿಡಿಸಿ ನೇರ ಮಾಡಿದ. ಆಮೇಲೆ ಪಕೀರಮ್ಮನಿಗಷ್ಟೇ ಕೇಳುವಂತೆ ಅಂದ: “ನನಗ ಬ್ಯಾಡ ಅಂತ ಇರಲಿಲ್ಲ ದೊಡ್ಡವ್ವಾ. ಅಂಜಿಕಿ ಇತ್ತು. ಅಂವಗ ‘ಪ’ ಅನ್ನಾಕ ಬರಂಗಿಲ್ಲ. ಅಪ್ಪ ಅನ್ನೋದನ್ನ ಅಮ್ಮ ಅಂತಾನ. ಕುರಿಗಾರರೆಲ್ಲ ನಗ್ತಾರ. ಆದ್ರ ಅಡವಿಯಾಗ ಆ ದನಿ ಕೇಳಿದ್ರ ನಾ ಎಲ್ಲಿದ್ರೂ ಓಡಿ ಬರ್ತೀನಿ. ಅದೂ ಇಲ್ಲದಂಗ ಆದ್ರ ಅಂತ.”

ಅವನು ಕಾಲು ತೊಳೆದುಕೊಂಡು ಒಳಗೆ ಹೋಗಿ, ಮಗನ ಕೊರಳಿಗೆ ದಾರ ಕಟ್ಟಿದ.

ಸಂಜೆ ಡಾಕ್ಟರು ಟಾರ್ಚ್ ಹಾಕಿ ನೋಡಿದರು. ಮುಂದಿನ ಹೊಲಿಗೆ ಚೆನ್ನಾಗಿವೆ, ಹಿಂದೆ ಒಂದು ಕಡೆ ಸ್ವಲ್ಪ ಬಿಳಿಚಿದೆ, ಕೂಡಿಕೊಳ್ಳಬಹುದು, ಕೂಡದೆಯೂ ಇರಬಹುದು ಎಂದರು. ನಿರಾಳವಾಗಿದ್ದ ಮೂವರ ಮುಖವೂ ಮತ್ತೆ ಬಾಡಿತು. ಭಾನುವಾರ ಊರಿಗೆ ಕಳಿಸಿದರು. ಅಲ್ಲಿಂದ ಹತ್ತು ದಿನ ಪಕೀರಮ್ಮ ದಿನಾ ಅಂಗನವಾಡಿ ಮುಗಿಸಿ ಅವರ ಮನೆಗೆ ಹೋಗಿ ಅವನು ಕುಡಿಯುವುದನ್ನು ನೋಡುತ್ತ ಕೂತಳು. ಎಂಟನೇ ದಿನ ಮೈ ಬಿಸಿಯಾಯಿತು, ಮಜ್ಜಿಗೆ ಒಂದು ಹನಿ ಮೂಗಿನಲ್ಲಿ ಕಾಣಿಸಿತು. ಆ ಹನಿಯನ್ನು ಕಂಡವಳಿಗೆ ಅವತ್ತು ಅನ್ನ ಇಳಿಯಲಿಲ್ಲ.

ತಪಾಸಣೆಗೆ ಹೋದಾಗ ಗೊತ್ತಾಯಿತು, ಸಾಸಿವೆ ಕಾಳಿನಷ್ಟು ತೂತು ಉಳಿದಿದೆ. ಮುಂದಿನ ವರ್ಷ ಇನ್ನೊಂದು ಸಣ್ಣ ಆಪರೇಶನ್ ಬೇಕು. ಅಲ್ಲಿಯವರೆಗೆ ಹದಿನೈದು ದಿನಕ್ಕೊಮ್ಮೆ ಮಾತು ಕಲಿಸುವ ಮೇಡಂ ಹತ್ತಿರ ಬಂದು ಕಾಗದದ ಚೂರು ಊದಬೇಕು, ಅಕ್ಷರ ತಿದ್ದಬೇಕು. ಪಕೀರಮ್ಮ ಬಾಲಪ್ಪನ ಕಡೆ ನೋಡಿದಳು. ಅವನು ಮೇಜಿನ ಮೇಲಿದ್ದ ಒಪ್ಪಿಗೆ ಕಾಗದ ತನ್ನ ಕಡೆ ಎಳೆದುಕೊಂಡು, “ಎಲ್ಲಿ ರುಜು ಹಾಕಬೇಕ್ರಿ?” ಎಂದ.

ಈಗ ಹದಿನೈದು ದಿನಕ್ಕೊಮ್ಮೆ ಮಮತಾ ಮಗನನ್ನು ಕರೆದುಕೊಂಡು ಲಿಂಗಸುಗೂರಿಗೆ ಹೋಗುತ್ತಾಳೆ, ಪಕೀರಮ್ಮನೂ ಜೊತೆಗೆ ಹೋಗುತ್ತಾಳೆ. ಹುಡುಗ ಮೇಡಂ ಎದುರು ಊದುತ್ತಿರುವಾಗ ಅವಳು ಮಕ್ಕಳ ವಾರ್ಡಿಗೆ ಹೋಗಿ ಮಂಚದಿಂದ ಮಂಚಕ್ಕೆ ಕೂತು ಬರುತ್ತಾಳೆ. ಮೊನ್ನೆ ಹೊಸದಾಗಿ ಬಂದ ಒಬ್ಬ ತಾಯಿ ಅವಳಿಗೆ, ಕೈಗೆ ಕಟ್ಟು ಹಾಕಿಸಿಕೊಂಡ ಮಗಳಿಗೆ ನಾಲ್ಕು ಬುದ್ಧಿಮಾತು ಹೇಳಿ ಹೋಗು ಎಂದಳು. ಪಕೀರಮ್ಮ ಆ ಹುಡುಗಿಯ ಕಾಲ ಹತ್ತಿರ ಕೂತು, “ನಿನಗ ಏನ್ ಅಂಜಿಕಿ ಐತಿ, ಮೊದಲ ನೀ ಹೇಳವ್ವ,” ಎಂದು ಕೇಳಿದಳು.